ಬೆಂಗಳೂರು ಪದ್ಧತಿಯೂ ಬೆಂಗಳೂರಿನ ತರಗೆಲೆಯೂ

ಕೃಷಿಶಾಸ್ತ್ರದ ಗ್ರಂಥಗಳಲ್ಲಿ ಗೊಬ್ಬರದ ಪ್ರಕರಣವನ್ನು ತೆರೆದು ನೋಡಿದವರಿಗೆ ನಮ್ಮ ದೇಶದ ಎರಡು ಪಟ್ಟಣಗಳ ಹೆಸರು ಕಣ್ಣಿಗೆ ಬೀಳದೆ ಇರದು. ಒಂದು ಇಂದೂರು, ಮತ್ತೊಂದು ಬೆಂಗಳೂರು. ಕಸಕಡ್ಡಿಯನ್ನು ಗೊಬ್ಬರವಾಗಿ ಮಾರ್ಪಡಿಸುವ ಎರಡು ಕ್ರಮಗಳು ಇಂದೂರು ಪದ್ಧತಿ, ಬೆಂಗಳೂರು ಪದ್ಧತಿ ಎಂಬ ಹೆಸರುಗಳಿಂದಲೇ ಲೋಕದಲ್ಲಿ ಪ್ರಸಿದ್ಧವಾಗಿವೆ. ದೂರದೇಶದ ರೈತನೊಬ್ಬನು ನಮ್ಮ ಪಟ್ಟಣದ ಹೆಸರನ್ನು ಮೊಟ್ಟಮೊದಲು ಕೇಳಿದುದು ಗೊಬ್ಬರದ ಗುಂಡಿಯ ಸಂಬಂಧದಲ್ಲಿಯೇ ಇದ್ದರೂ ಇರಬಹುದು. ಇಂತಹ ಕೀರ್ತಿಯನ್ನು ಪಡೆದ ಪಟ್ಟಣದ ಉದ್ಯಾನಗಳಲ್ಲಿ ಇಂದು ನಡೆಯುತ್ತಿರುವುದೇನು?

ನಮ್ಮ ಕಾರ್ಯಾಲಯಕ್ಕೆ ಸಮೀಪದಲ್ಲಿರುವ ಒಂದು ಉದ್ಯಾನದ ಸಂಗತಿಯನ್ನು ಹೇಳುತ್ತೇವೆ. ಬೆಳಗಿನ ಜಾವದಲ್ಲಿ ಮಾಲಿಯು ಪೊರಕೆ ಹಿಡಿದು ತರಗೆಲೆಯನ್ನೆಲ್ಲ ಗುಡಿಸಿ, ಚೀಲಗಳಲ್ಲಿ ತುಂಬಿ, ಬಾಗಿಲ ಹೊರಗೆ ಸಾಲಾಗಿ ನಿಲ್ಲಿಸುತ್ತಾನೆ. ಲಾರಿ ಬಂದ ದಿನ ಚೀಲಗಳು ಊರಾಚೆಗೆ ಹೋಗುತ್ತವೆ. ಬಾರದ ದಿನ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಶುದ್ಧವಾದ ಗಾಳಿಯನ್ನು ಸೇವಿಸಬೇಕೆಂದು ಬಂದ ವೃದ್ಧರು ಹೊಗೆಯನ್ನು ಸೇವಿಸಿ ಕೆಮ್ಮುತ್ತ ಮನೆಗೆ ಮರಳುತ್ತಾರೆ. ಇಷ್ಟಾದ ಮೇಲೆ ಅದೇ ಉದ್ಯಾನದ ಹೂವಿನ ಮಡಿಗಳಿಗೆಂದು ಕ್ರಯಕ್ಕೆ ಕೊಂಡ ಗೊಬ್ಬರದ ಹೊರೆ ಬಂದು ಇಳಿಯುವುದನ್ನೂ ನಾವು ನೋಡಿದ್ದೇವೆ. ಹೊರಗೆ ಹೋಗುವ ಎಲೆಗೆ ಸಾಗಣೆಯ ಕೂಲಿ, ಒಳಗೆ ಬರುವ ಗೊಬ್ಬರಕ್ಕೆ ಬೆಲೆ. ಎರಡನ್ನೂ ತೆರುವವರು ಮಹಾಜನರೇ. ಅಂಗೈಯಲ್ಲಿ ಬೆಣ್ಣೆಯನ್ನಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆಯನ್ನು ನಮ್ಮ ಹಿರಿಯರು ಇಂತಹ ಸಂದರ್ಭಕ್ಕಾಗಿಯೇ ಹೇಳಿದ್ದಿರಬೇಕು.

ಇದು ಒಂದೇ ಉದ್ಯಾನದ ದೋಷವಾಗಿದ್ದರೆ ಅಗ್ರಲೇಖನವನ್ನು ಬರೆಯುವ ಅವಶ್ಯಕತೆಯಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ದೇಶದ ತೋಟಗಾರ ಕ್ರುಂಬಿಗಲ್ ಸಾಹೇಬರು, ವರ್ಷದ ಯಾವ ಋತುವಿನಲ್ಲಿಯೂ ಪಟ್ಟಣವು ಹೂವಿಲ್ಲದೆ ಇರಬಾರದೆಂದು, ಒಂದಾದ ಮೇಲೊಂದು ಹೂ ಬಿಡುವ ಮರಗಳನ್ನು ಆರಿಸಿ ನೆಡಿಸಿದರು. ಹೂ ಬಿಡುವ ಮರವು ಎಲೆಯನ್ನೂ ಉದುರಿಸುವುದು ಸೃಷ್ಟಿಯ ನಿಯಮ. ವರ್ಷವೆಲ್ಲ ಹೂವನ್ನು ಅಪೇಕ್ಷಿಸಿದ ಪಟ್ಟಣವು ವರ್ಷವೆಲ್ಲ ಎಲೆಗೂ ಸಿದ್ಧವಾಗಿರಬೇಕು. ಹೂವಿಗೆ ನಾವು ಪ್ರದರ್ಶನಗಳನ್ನು ಏರ್ಪಡಿಸುತ್ತೇವೆ. ಎಲೆಗೆ ಬೆಂಕಿ ಇಡುತ್ತೇವೆ. ಕಾಡಿನಲ್ಲಿ ಬಿದ್ದ ಎಲೆಯನ್ನು ಗುಡಿಸುವವರಾರೂ ಇಲ್ಲ. ಆದರೂ ಕಾಡು ಗೊಬ್ಬರವನ್ನು ಕೊಳ್ಳುವುದಿಲ್ಲ.

ನಾವು ಈ ದಿನ ಮಂಡಿಸುವ ವಿಷಯ ಒಂದೇ. ಉದ್ಯಾನದ ಎಲೆಯು ಉದ್ಯಾನದ ಬಾಗಿಲನ್ನು ದಾಟಬಾರದು. ಅಷ್ಟೇ ಅಲ್ಲ, ಉದ್ಯಾನವು ತನ್ನ ಸುತ್ತಣ ಮನೆಗಳ ಅಡಿಗೆಯ ಕಸದಲ್ಲಿ ತಾನು ಜೀರ್ಣಿಸಬಲ್ಲಷ್ಟನ್ನು ಸ್ವೀಕರಿಸಿ, ಅದನ್ನು ಮಣ್ಣಾಗಿಸಿ, ತನ್ನ ಮರಗಿಡಗಳಿಗೆ ಉಣಿಸಬೇಕು.

ಈ ವಿದ್ಯೆ ನಮಗೆ ಹೊಸದಲ್ಲ. ರೈತನ ಮನೆಯ ಹಿತ್ತಿಲಲ್ಲಿ ತಿಪ್ಪೆ ಇಲ್ಲದ ಕಾಲ ಯಾವುದು? 1924ರಿಂದ 1931ರವರೆಗೆ ಇಂದೂರಿನಲ್ಲಿ ಸಂಶೋಧನೆ ನಡೆಸಿದ ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿದ್ವಾಂಸರು, ತಾವು ಭಾರತದ ರೈತರನ್ನು ಗುರುಗಳೆಂದು ಭಾವಿಸಿ ಕಲಿತುದಾಗಿ ಸಂಕೋಚವಿಲ್ಲದೆ ಒಪ್ಪಿಕೊಂಡರು. ಹೊಲದ ಕಸ, ದನದ ಸಗಣಿ, ಗಂಜಲದ ಮಣ್ಣು, ಬೂದಿ ಇವುಗಳನ್ನು ಪದರಪದರವಾಗಿ ಒಟ್ಟಿ, ಕಾಲಕಾಲಕ್ಕೆ ನೀರು ಚಿಮುಕಿಸಿ, ಮಗುಚಿಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರವಾಗುವುದೆಂದು ಅವರೂ ಅವರ ಸಹೋದ್ಯೋಗಿ ಯಶವಂತ ವಾಡ್ ಅವರೂ 1931ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಬಳಿಕ 1939ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಜನರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಡಾಕ್ಟರ್ ಸಿ. ಎನ್. ಆಚಾರ್ಯರು ಪಟ್ಟಣದ ಕಸಕ್ಕೆಂದೇ ಬೇರೊಂದು ಕ್ರಮವನ್ನು ರೂಪಿಸಿದರು. ಕಂದಕಗಳಲ್ಲಿ ಕಸವನ್ನೂ ಮಲವನ್ನೂ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರೆಂಟು ತಿಂಗಳು ಬಿಡುವ ಕ್ರಮವದು. ಇದೇ ಬೆಂಗಳೂರು ಪದ್ಧತಿ. ಮಕ್ಕಳಾಡುವ ಉದ್ಯಾನದಲ್ಲಿ ಅಕ್ಷರಶಃ ಅದನ್ನೇ ನಡೆಸಬೇಕೆಂಬುದು ನಮ್ಮ ಮಾತಲ್ಲ. ಉದ್ಯಾನಕ್ಕೆ ಗಾಳಿಯಾಡುವ, ಮಗುಚುವ ಕ್ರಮವೇ ಯೋಗ್ಯ. ಆದರೆ ಪಟ್ಟಣದ ಕಸವು ಪಟ್ಟಣದ ಹೊರೆಯಲ್ಲ, ಪಟ್ಟಣದ ಆಸ್ತಿ ಎಂಬ ತತ್ತ್ವವನ್ನು ಲೋಕಕ್ಕೆ ಬೋಧಿಸಿದ ಊರು ಅದನ್ನು ತಾನೇ ಮರೆತುದನ್ನು ಹೇಳದೆ ಇರಲಾರೆವು.

ಗೊಬ್ಬರದ ಗುಡ್ಡೆಯು ದೊಡ್ಡವರ ಗಮನಕ್ಕೆ ತಕ್ಕ ವಿಷಯವೇ ಎಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ನೆನೆಯಬೇಕು. 1947ನೆಯ ಇಸವಿಯ ಡಿಸೆಂಬರ್ ತಿಂಗಳು. ದೇಶವು ಸ್ವತಂತ್ರವಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ದಿಲ್ಲಿಯು ನಿರಾಶ್ರಿತರಿಂದ ತುಂಬಿತ್ತು, ಅನ್ನಕ್ಕೆ ಅಭಾವವಿತ್ತು, ಮತೀಯ ಕಲಹದ ಗಾಯಗಳು ಹಸಿಯಾಗಿದ್ದವು. ಅದೇ ತಿಂಗಳಿನಲ್ಲಿ, ಅದೇ ದಿಲ್ಲಿಯಲ್ಲಿ, ಮೀರಾಬೆಹೆನ್ ಅವರ ಪ್ರಯತ್ನದಿಂದ ಅಖಿಲ ಭಾರತ ಗೊಬ್ಬರ ಸಮ್ಮೇಳನವು ಸೇರಿತು. ಬಾಬು ರಾಜೇಂದ್ರಪ್ರಸಾದರು ಅಧ್ಯಕ್ಷತೆ ವಹಿಸಿದರು. ಗಾಂಧೀಜಿಯವರು ತಮ್ಮ ಪತ್ರಿಕೆಯಾದ 'ಹರಿಜನ'ದಲ್ಲಿ ಅದನ್ನು ಕುರಿತು ಬರೆದರು. ಆ ಭಾರವನ್ನು ಹೊತ್ತಿದ್ದ ಹೆಗಲುಗಳಿಗೆ ಗೊಬ್ಬರವು ಅಲ್ಪವಿಷಯವೆಂದು ತೋರಲಿಲ್ಲ. ನಮ್ಮ ಬಡಾವಣೆಯ ಸಂಘಗಳಿಗೂ ಅಧಿಕಾರಿವರ್ಗಕ್ಕೂ ಅದು ಅಲ್ಪವೆಂದು ತೋರುವುದಾದರೆ, ವಿಷಯವನ್ನಲ್ಲ, ನಮ್ಮ ದೃಷ್ಟಿಯನ್ನು ತಿದ್ದಿಕೊಳ್ಳುವುದು ಲೇಸು.

ತತ್ತ್ವವನ್ನು ಮರೆತುದರ ಫಲವನ್ನು ಉಂಡವರು ನಾವಲ್ಲ, ನಮ್ಮ ನೆರೆಯ ಹಳ್ಳಿಗಳವರು. 1975ರಲ್ಲಿಯೇ ಕಸವನ್ನು ಗೊಬ್ಬರವಾಗಿಸುವುದಕ್ಕೆಂದು ರಾಜ್ಯದಲ್ಲಿ ಒಂದು ನಿಗಮವು ಸ್ಥಾಪಿತವಾಗಿತ್ತಾದರೂ, ಪಟ್ಟಣವು ಬೆಳೆದ ವೇಗಕ್ಕೆ ಅದೊಂದೇ ಸಾಲದಾಯಿತು. ಉಳಿದ ಕಸವು ಬೆರಕೆಯಾಗಿಯೇ ಮಾವಳ್ಳಿಪುರ, ಮಂಡೂರುಗಳ ಕಡೆಗೆ ಹರಿಯಿತು. ಬಾವಿಯ ನೀರು ಕೆಟ್ಟಿತೆಂದೂ, ನೊಣದ ಕಾಟದಿಂದ ಅನ್ನವನ್ನು ಉಣ್ಣಲಾಗದೆಂದೂ, ರೋಗಗಳು ಹೆಚ್ಚಿದವೆಂದೂ ಗ್ರಾಮಸ್ಥರು ವರ್ಷಗಟ್ಟಲೆ ಮೊರೆಯಿಟ್ಟರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಬೆಂಗಳೂರಿನ ಬೀದಿಗಳಲ್ಲಿ ಕಸದ ಗುಡ್ಡಗಳೆದ್ದವು. ಮಂಡೂರಿನವರು ಮತ್ತೂ ಎರಡು ವರ್ಷ ಸಹಿಸಿ, 2014ರಲ್ಲಿ ರಸ್ತೆಗಿಳಿದು ಹೋರಾಡಿದ ಮೇಲೆ, ಆ ವರ್ಷದ ಕೊನೆಗೆ ಅಲ್ಲಿಗೆ ಹೋಗುವ ಲಾರಿಗಳು ನಿಂತವು. 2012ರ ಆ ದಿನಗಳಲ್ಲಿ ಲಾರಿಗಳು ಮತ್ತೆ ಓಡತೊಡಗಿದಾಗ, ಎಲ್ಲಿಗೆ ಓಡಿದವೆಂದು ವಿಚಾರಿಸದೆ, ಪೀಡೆ ತೊಲಗಿತೆಂದು ನಿಟ್ಟುಸಿರು ಬಿಟ್ಟವರಲ್ಲಿ ನಾವೂ ಇದ್ದೆವು. ಆ ನಿಟ್ಟುಸಿರಿಗಾಗಿ ಇಂದು ನಾಚುತ್ತೇವೆ.

ಕಾಯಿದೆಗಳ ಕೊರತೆಯಿಂದ ಈ ಸ್ಥಿತಿ ಒದಗಿತೆಂದು ಹೇಳುವಂತಿಲ್ಲ. ಬೆಂಗಳೂರಿನ ನಿವಾಸಿಯಾದ ಆಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅದರ ಫಲವಾಗಿ 2000ದಲ್ಲಿ ಪುರಸಭೆಗಳ ಕಸವನ್ನು ಕುರಿತ ನಿಯಮಗಳು ಹೊರಟವು. 2012ರ ಅಕ್ಟೋಬರಿನಲ್ಲಿ ಮನೆಯಲ್ಲಿಯೇ ಕಸವನ್ನು ಬೇರ್ಪಡಿಸಬೇಕೆಂಬುದು ಈ ಪಟ್ಟಣದಲ್ಲಿ ಕಡ್ಡಾಯವಾಯಿತು. 2016ರ ನಿಯಮಗಳು ಹಸಿಕಸ, ಒಣಕಸ, ಅಪಾಯಕರವಾದ ಕಸ ಎಂದು ಮೂರಾಗಿ ವಿಂಗಡಿಸಬೇಕೆಂದು ದೇಶಕ್ಕೆಲ್ಲ ವಿಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡವನ್ನೂ, ರಾಶಿಗಟ್ಟಲೆ ಸುಡುವವರಿಗೆ 25,000 ರೂಪಾಯಿ ದಂಡವನ್ನೂ ಗೊತ್ತುಮಾಡಿತು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೋಗಿ ಐದು ನಗರಪಾಲಿಕೆಗಳಾದವು. ಆಜ್ಞೆಗಳು ಹೆಚ್ಚಿದವು, ಆಡಳಿತವು ಬದಲಾಯಿತು. ಮರದ ಕೆಳಗಿನ ಎಲೆಯು ಮಾತ್ರ ಇನ್ನೂ ಚೀಲವನ್ನೇ ಸೇರುತ್ತಿದೆ.

ಮಂಡೂರನ್ನು ಮಂಡೂರನ್ನಾಗಿ ಮಾಡಿದುದು ಯಾವುದೆಂಬುದನ್ನು ವಿಚಾರಿಸಿದರೆ ಉದ್ಯಾನದ ಮಹತ್ತ್ವವು ತಿಳಿಯುವುದು. ನಮ್ಮ ಪಟ್ಟಣಗಳ ಕಸದಲ್ಲಿ ಸುಮಾರು ಅರ್ಧಕ್ಕೂ ಮಿಗಿಲಾದುದು ಕೊಳೆಯುವ ವಸ್ತು. ಗಾಜು ನಾರುವುದಿಲ್ಲ, ತಗಡಿಗೆ ನೊಣ ಮುತ್ತುವುದಿಲ್ಲ. ಕೊಳೆಯುವ ವಸ್ತುವು ಇತರ ಕಸದೊಡನೆ ಬೆರೆತು, ಗಾಳಿಯಿಲ್ಲದೆ ಅದುಮಲ್ಪಟ್ಟಾಗಲೇ ದುರ್ವಾಸನೆ ಹುಟ್ಟುವುದು. ಅದರಿಂದ ಸೋರಿದ ಕಪ್ಪು ನೀರೇ ಬಾವಿಯನ್ನು ಸೇರುವುದು. ಮೀಥೇನ್ ಎಂಬ ಅನಿಲವು ಎದ್ದು ತಿಪ್ಪೆಗೆ ಬೆಂಕಿ ಹತ್ತುವುದೂ ಆಗಲೇ. ಅದೇ ವಸ್ತುವನ್ನು ಬೆರಕೆಯಿಲ್ಲದೆ, ಗಾಳಿಯಾಡುವಂತೆ ಒಟ್ಟಿದರೆ ಹಸಿ ಮಣ್ಣಿನ ಪರಿಮಳದ ಗೊಬ್ಬರವಾಗುತ್ತದೆ. ವಿಷಕ್ಕೂ ಅಮೃತಕ್ಕೂ ಇಲ್ಲಿ ಮೂಲವಸ್ತು ಒಂದೇ. ಅಂತರವಿರುವುದು ನಮ್ಮ ನಡತೆಯಲ್ಲಿ.

ಕೆಲಸದ ವಿವರವು ಯಾರ ಬುದ್ಧಿಗೂ ಮೀರಿದುದಲ್ಲ. ಅಡಿಗೆಯ ಕಸದಲ್ಲಿ ಸಾರಜನಕವು ಹೆಚ್ಚು, ತರಗೆಲೆಯಲ್ಲಿ ಇಂಗಾಲವು ಹೆಚ್ಚು. ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲವಿದ್ದರೆ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುವುವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಮಾಲಿಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಮಂಕರಿ ಹಸಿಕಸಕ್ಕೆ ಎರಡು ಮೂರು ಮಂಕರಿ ಒಣ ಎಲೆ. ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಮೂರಡಿಗೆ ಕಡಮೆಯಿಲ್ಲದ, ಸುತ್ತಲೂ ಗಾಳಿಯಾಡುವ ಜಾಲರಿಯ ಗೂಡಿರಬೇಕು. ಕಸವನ್ನು ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕೇ ಹೊರತು ನೀರು ಧಾರೆಯಾಗಿ ಇಳಿಯಬಾರದು. ಗುಡ್ಡೆಯ ಹೊಟ್ಟೆಯು 55 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾದು, ಆ ಕಾವು ಕೆಲವು ದಿನ ನಿಂತರೆ ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ವಾರಕ್ಕೊಮ್ಮೆಯಾದರೂ ಗುದ್ದಲಿಯಿಂದ ಮಗುಚಬೇಕು. ಮೂರು ತಿಂಗಳಲ್ಲಿ ರಾಶಿಯು ಕುಗ್ಗಿ, ಕಪ್ಪು ಗೊಬ್ಬರವು ಕೈಗೆ ಬರುವುದು.

ಲೆಕ್ಕವನ್ನೂ ನೋಡೋಣ. ಮನೆಯೊಂದಕ್ಕೆ ದಿನಕ್ಕೆ ಅರ್ಧ ಕಿಲೋಗ್ರಾಂ ಹಸಿಕಸವೆಂದು ಎಣಿಸಿದರೆ, ನೂರು ಮನೆಗಳಿಗೆ 50 ಕಿಲೋಗ್ರಾಂ. ವರ್ಷಕ್ಕೆ 18 ಟನ್ನುಗಳಿಗೂ ಮಿಗಿಲು. ಒಂದು ಬಡಾವಣೆಯ ಒಂದು ಉದ್ಯಾನವು ನೂರು ಮನೆಗಳ ಕಸವನ್ನು ತೆಗೆದುಕೊಂಡರೆ, ಅಷ್ಟು ಭಾರವು ಯಾವುದೋ ಹಳ್ಳಿಯ ಎದೆಯ ಮೇಲೆ ಬೀಳುವುದು ತಪ್ಪಿತು. ಇಡೀ ಪಟ್ಟಣದ ಕಸವನ್ನು ಉದ್ಯಾನಗಳೇ ನುಂಗುವುವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ವಂಚನೆಯಾದೀತು. ಆದರೆ ಕಣ್ಣೆದುರಿಗೆ ಕಸವು ಮಣ್ಣಾಗುವುದನ್ನು ಕಂಡ ಗೃಹಸ್ಥನು ಮತ್ತೆ ಕಸವನ್ನು ಬೆರಕೆಮಾಡಿ ಎಸೆಯಲಾರನು. ಈ ಶಿಕ್ಷಣದ ಬೆಲೆಯನ್ನು ಟನ್ನುಗಳಲ್ಲಿ ತೂಗಲಾಗದು.

ಈ ವಿಷಯದಲ್ಲಿ ನಮ್ಮದು ಬರಿಯ ಪುಸ್ತಕದ ಪಾಂಡಿತ್ಯವಲ್ಲ. ನಮ್ಮ ಮುದ್ರಣಾಲಯದ ಹಿತ್ತಿಲಲ್ಲಿ, ಸಿಬ್ಬಂದಿಯ ಊಟದ ಉಳಿಕೆಯನ್ನೂ ನೆರೆಮನೆಗಳ ಕಸವನ್ನೂ ಹಾಕಿಸಿ ಒಂದು ಗುಡ್ಡೆಯನ್ನು ಆರಂಭಿಸಿದೆವು. ಹದಿನೈದು ದಿನಗಳಲ್ಲಿ ನೆರೆಯವರು ಮೂಗು ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಅವರ ದೂರು ನ್ಯಾಯವಾದುದೇ. ಎಲೆಯನ್ನು ಬೆರೆಸದೆ ಹಸಿಕಸವನ್ನೇ ಸುರಿದಿದ್ದೆವು. ಮಗುಚಬೇಕೆಂಬುದು ಎಲ್ಲರಿಗೂ ತಿಳಿದಿತ್ತು, ಮಗುಚುವ ಹೊಣೆ ಯಾರಿಗೂ ಇರಲಿಲ್ಲ. ತರಗೆಲೆಯನ್ನು ತರಿಸಿ ಬೆರೆಸಿ, ಒಬ್ಬ ಆಳಿಗೆ ವೇತನಸಹಿತವಾಗಿ ಆ ಕೆಲಸವನ್ನು ಒಪ್ಪಿಸಿದ ಮೇಲೆ ದುರ್ವಾಸನೆ ಅಡಗಿತು. ಆಗ ನಾವು ಹಣಕೊಟ್ಟು ಕಲಿತ ಪಾಠವಿದು: ಗೊಬ್ಬರದ ಗುಡ್ಡೆಯು ಕೆಡುವುದು ಮೊದಲು ಹೊಣೆಗಾರಿಕೆಯಲ್ಲಿ, ಆಮೇಲೆ ವಾಸನೆಯಲ್ಲಿ.

ಆದುದರಿಂದ, ಉದ್ಯಾನವು ವಿಹಾರಕ್ಕಿರುವ ಸ್ಥಳ, ತಿಪ್ಪೆಗಲ್ಲ ಎಂದು ಆಕ್ಷೇಪಿಸುವವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಲಿ, ನಾಯಿ, ನೊಣಗಳ ಭಯವು ಸುಳ್ಳಲ್ಲ. ಬೇಯಿಸಿದ ಅನ್ನ, ಮಾಂಸ, ಎಣ್ಣೆಯ ಪದಾರ್ಥಗಳನ್ನು ದೂರವಿಟ್ಟು, ಪ್ರತಿದಿನವೂ ಎಲೆಯ ಹೊದಿಕೆ ಹಾಕಿದರೆ ಆ ಭಯವು ನೀಗುವುದು. ಆದರೆ ಈ ಆಕ್ಷೇಪಣೆಯ ಹಿಂದೆ ಮತ್ತೊಂದು ಭಾವನೆ ಅಡಗಿದ್ದರೆ, ಅದನ್ನು ಬಯಲಿಗೆಳೆಯುವುದು ನಮ್ಮ ಧರ್ಮ. ನಮ್ಮ ಮನೆಯ ಬಾಳೆಸಿಪ್ಪೆಯ ವಾಸನೆಯನ್ನು ನಮ್ಮ ಬೀದಿಯಲ್ಲಿ ನಾವು ಸಹಿಸಲಾರೆವಾದರೆ, ಅದನ್ನು ಸಾವಿರಾರು ಲಾರಿಗಳಲ್ಲಿ ತುಂಬಿ ಮಂಡೂರಿನ ಮಗುವಿನ ಮೂಗಿಗೆ ಕಳುಹಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು? ಪರರು ನಮ್ಮ ಮೇಲೆ ಹೊರೆ ಹೊರಿಸಿದುದನ್ನು ಅನ್ಯಾಯವೆಂದು ಪ್ರತಿಭಟಿಸಿ ಸ್ವರಾಜ್ಯವನ್ನು ಪಡೆದ ಜನರು ನಾವು. ತನ್ನ ಕಸವನ್ನು ತಾನು ಆಳಲಾರದ ಪಟ್ಟಣವು ಸ್ವರಾಜ್ಯದ ಮೊದಲನೆಯ ಪಾಠವನ್ನೇ ಕಲಿತಿಲ್ಲವೆಂದು ಹೇಳಬೇಕಾಗುತ್ತದೆ.

ಮಾಲಿಯ ಮೇಲೂ ಪೌರಕಾರ್ಮಿಕರ ಮೇಲೂ ಹೊಸ ದುಡಿಮೆಯನ್ನು ಹೇರುವುದು ನ್ಯಾಯವೇ ಎಂದು ಕೇಳುವವರ ಪ್ರಶ್ನೆಯು ಇದಕ್ಕಿಂತ ಘನವಾದುದು. ಹೇರುವುದು ನ್ಯಾಯವಲ್ಲ, ಕೂಲಿ ಕೊಟ್ಟು, ಕೈಗವಸು, ಪಾದರಕ್ಷೆ, ಒಳ್ಳೆಯ ಹತ್ಯಾರುಗಳನ್ನು ಕೊಟ್ಟು ಒಪ್ಪಿಸುವುದು ನ್ಯಾಯ. ಸಾಗಣೆಯಲ್ಲಿ ಉಳಿದ ಹಣವು ಮೊದಲು ಅವರನ್ನೇ ಸೇರಬೇಕು. ಉದ್ಯಾನದಲ್ಲಿ ಬೀಳುವ ಬಾಟಲಿ, ಕಾಗದ, ಡಬ್ಬಿಗಳೂ ಚಿಂದಿ ಆಯುವವರ ಜೀವನಾಧಾರ. 2011ರಲ್ಲಿ ಈ ಪಟ್ಟಣದ ಮಹಾನಗರ ಪಾಲಿಕೆಯು ಅವರಿಗೆ ಗುರುತಿನ ಚೀಟಿಗಳನ್ನು ಕೊಟ್ಟು ಅವರ ವೃತ್ತಿಯನ್ನು ಮನ್ನಿಸಿದುದು ಸ್ತುತ್ಯವಾದ ಕಾರ್ಯ. ಒಣಕಸವನ್ನು ಎಂಜಲಿನೊಡನೆ ಬೆರೆಸದೆ ಶುಚಿಯಾಗಿ ಅವರ ಕೈಗೆ ಒಪ್ಪಿಸುವುದು ಪೌರರ ಕನಿಷ್ಠ ಸೌಜನ್ಯ.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಒಂದನೆಯದಾಗಿ, ಉದ್ಯಾನದ ಎಲೆಯನ್ನು ಹೊರಗೆ ಸಾಗಿಸುವುದನ್ನೂ ಸುಡುವುದನ್ನೂ ನಿಲ್ಲಿಸಿ, ಪ್ರತಿಯೊಂದು ಉದ್ಯಾನದಲ್ಲಿಯೂ ಎಲೆಯ ಗೂಡುಗಳನ್ನು ಕಟ್ಟಿಸಬೇಕು. ಎರಡನೆಯದಾಗಿ, ಉದ್ಯಾನಪಾಲನೆಯ ಕರಾರುಪತ್ರದಲ್ಲಿ ಗೊಬ್ಬರ ಮಾಡುವ ಕೆಲಸವನ್ನೂ ಅದರ ಕೂಲಿಯನ್ನೂ ಸ್ಪಷ್ಟವಾಗಿ ಬರೆಯಬೇಕು. ಹೊತ್ತ ತೂಕಕ್ಕೆ ಹಣ ಕೊಡುವ ಏರ್ಪಾಡು ಇದ್ದಲ್ಲಿ, ಕಸವು ಕಡಮೆಯಾದರೆ ಗುತ್ತಿಗೆದಾರನಿಗೆ ನಷ್ಟವೆಂಬುದನ್ನು ಮರೆಯಬಾರದು. ಮೂರನೆಯದಾಗಿ, ಹಸಿಕಸವನ್ನು ಎಷ್ಟು ಮನೆಗಳಿಂದ ತೆಗೆದುಕೊಳ್ಳಬೇಕೆಂಬುದನ್ನು ಎಲೆಯ ಪ್ರಮಾಣಕ್ಕೆ ತಕ್ಕಂತೆ ಗೊತ್ತುಮಾಡಬೇಕು. ದೊಡ್ಡ ಆರಂಭಕ್ಕಿಂತ ನಿಲ್ಲುವ ಆರಂಭವು ಮೇಲು. ನಾಲ್ಕನೆಯದಾಗಿ, ಉದ್ಯಾನದ ಬಾಗಿಲಲ್ಲಿ ಹಲಗೆಯೊಂದನ್ನು ನಿಲ್ಲಿಸಿ, ಒಳಗೆ ಬಂದ ಕಸವೆಷ್ಟು, ಆದ ಗೊಬ್ಬರವೆಷ್ಟು, ಕೊಂಡ ಗೊಬ್ಬರವೆಷ್ಟು ಎಂಬುದನ್ನು ತಿಂಗಳು ತಿಂಗಳು ಬರೆಯಿಸಬೇಕು. ಇವುಗಳಲ್ಲಿ ಯಾವುದಕ್ಕೂ ವಿದೇಶದ ಯಂತ್ರ ಬೇಕಿಲ್ಲ. ಹೊಸ ಸಮಿತಿಯೂ ಬೇಕಿಲ್ಲ.

ಪೌರರಿಗೂ ಒಂದು ಮಾತು. ಸಂಘದ ವಾರ್ಷಿಕ ಸಭೆಯಲ್ಲಿ ನಿರ್ಣಯವನ್ನು ಅಂಗೀಕರಿಸಿ, ಛಾಯಾಚಿತ್ರ ತೆಗೆಯಿಸಿಕೊಂಡು, ಮರುವಾರ ಗುಡ್ಡೆಯನ್ನು ಮಾಲಿಗೇ ಬಿಟ್ಟುಬಿಡುವ ಉತ್ಸಾಹವು ನಮಗೆ ಬೇಡ. ದೇವರಿಗೆ ಏರಿಸಿದ ಹೂವಿನಿಂದ ಪ್ಲಾಸ್ಟಿಕ್ ದಾರವನ್ನು ಬಿಡಿಸಿ ಕೊಡುವ ಒಬ್ಬ ಗೃಹಿಣಿಯು ಹತ್ತು ಭಾಷಣಕಾರರಿಗೆ ಸಮಾನಳು. ಸರದಿಯ ಪ್ರಕಾರ ಮನೆಗೊಬ್ಬರು ತಿಂಗಳಿಗೆ ಒಂದು ಬೆಳಿಗ್ಗೆ ಬಂದು ಮಾಲಿಯೊಡನೆ ಗುದ್ದಲಿ ಹಿಡಿದರೆ ಸಾಕು. ಕೆಲಸದ ಕಷ್ಟವೂ ತಿಳಿಯುವುದು, ಕೆಲಸದವನ ಮೇಲಿನ ಗೌರವವೂ ಬೆಳೆಯುವುದು.

ಹಳ್ಳಿಯಿಂದ ನಾವು ಅಕ್ಕಿ, ರಾಗಿ, ತರಕಾರಿ, ಹಾಲುಗಳನ್ನು ತರಿಸಿಕೊಳ್ಳುತ್ತೇವೆ. ಆ ಹಳ್ಳಿಗೆ ನಾವು ಮರಳಿ ಕಳುಹಿಸತಕ್ಕುದು ಗೊಬ್ಬರವಾಗಿರಬೇಕಾಗಿತ್ತು, ಕಳುಹಿಸಿದುದು ಕೊಳೆಯನ್ನು. ಈ ಸಾಲವು ಒಂದೇ ದಿನದಲ್ಲಿ ತೀರುವಂತಹುದಲ್ಲ. ತೀರಿಸಲು ಆರಂಭಿಸುವ ಸ್ಥಳವು ಮಾತ್ರ ದೂರದಲ್ಲಿಲ್ಲ. ನಾಳೆ ಬೆಳಿಗ್ಗೆ ವಾಯುವಿಹಾರಕ್ಕೆ ಹೋದಾಗ ಕಾಲ ಕೆಳಗೆ ಸದ್ದು ಮಾಡುವ ತರಗೆಲೆಯಲ್ಲಿಯೇ ಇದೆ. ಬಾಗಿಲ ಬಳಿ ಚೀಲಗಳು ನಿಂತಿದ್ದರೆ, ಅವು ಎಲ್ಲಿಗೆ ಹೋಗುತ್ತವೆಂದು ನಮ್ಮ ವಾಚಕರು ಒಮ್ಮೆ ಕೇಳಲಿ. ಸಮರ್ಪಕವಾದ ಉತ್ತರ ಬರುವವರೆಗೂ ಮರುದಿನವೂ ಕೇಳಲಿ.